ಗೆಣ್ಣಿಲ್ಲದ ಬೆರಳುಗಳ ವಂಶ

ಮಾರ್ಚ್ ೪, ಸೋಮವಾರ

ಮೂಳೆಯೊಳಗೆ ಮಜ್ಜೆಯನ್ನೂ ಮಾತಿನೊಳಗೆ ಅರ್ಥವನ್ನೂ ಇರಿಸಿದ ಒಡೆಯನಿಗೆ ನಮಸ್ಕರಿಸಿ, ನನ್ನ ಬಾಳಿನ ಎಪ್ಪತ್ತಮೂರನೆಯ ವರ್ಷದಲ್ಲಿ, ಮಾರ್ಚ್ ತಿಂಗಳ ನಾಲ್ಕನೆಯ ದಿನ, ಸೋಮವಾರ, ಪ್ರಾತಃಕಾಲದ ಪ್ರಾರ್ಥನೆ ಮುಗಿಸಿ ಈ ಪುಸ್ತಕವನ್ನು ತೆರೆದಿದ್ದೇನೆ. ತೆರೆಯಲು ಕಾರಣ ಭಕ್ತಿಯಲ್ಲ, ಕೋಪ. ಅದನ್ನು ಅವನ ಮುಂದೆ ಮುಚ್ಚಿಡುವುದು ಅಪಚಾರವೆಂದು ಮೊದಲ ಪುಟದಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ನನ್ನ ಮನೆಯಲ್ಲಿ ಪಿಸುಮಾತಿನ ಪಿತೂರಿ ನಡೆಯುತ್ತಿದೆ. ಮಗ ತೀರಿಕೊಂಡು ಮೂರು ವರ್ಷವಾಯಿತು. ಅವನ ಹೆಂಡತಿ, ಅವರ ಒಂಬತ್ತು ವರ್ಷದ ಮಗಳು, ನಾನು. ಮೂರು ಕೋಣೆಯ ಈ ಮನೆಯಲ್ಲಿ ಇಬ್ಬರು ಒಂದು ಪಕ್ಷ, ನಾನೊಬ್ಬ ಇನ್ನೊಂದು ಪಕ್ಷ. ಅಡುಗೆಮನೆಯಲ್ಲಿ ಅವರ ತುಟಿಗಳು ಆಡುತ್ತವೆ. ನಾನು ಹೊಸ್ತಿಲು ದಾಟಿದರೆ ನಿಲ್ಲುತ್ತವೆ. ನನ್ನೆದುರಿಗೆ ಕುಳಿತಾಗಲೂ ಸೊಸೆ ಮಾತನ್ನು ಬಾಯೊಳಗೇ ಅರೆಯುತ್ತಾಳೆ. ಕನ್ನಡಕದ ಅಂಗಡಿಯಲ್ಲಿ ಮಸೂರ ಉಜ್ಜುವ ಕೆಲಸದವಳು. ಗಾಜನ್ನು ತೇಯ್ದಂತೆ ಮಾತನ್ನೂ ತೇಯ್ದು ತೆಳುವಾಗಿಸುವುದನ್ನು ಅಲ್ಲಿಯೇ ಕಲಿತಿರಬೇಕು.

ಇಂದಿನ ವಿಷಯ ಇಷ್ಟು. ಹುಡುಗಿ ಪಾಠಕ್ಕೆ ಕಿವಿಗೊಡುವುದಿಲ್ಲವೆಂದು ಶಾಲೆಯವರು ದೂರಿದ್ದರಂತೆ. ತಾಯಿ ನನಗೆ ತಿಳಿಸದೆ ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದಿದ್ದಾಳೆ. ಕಿವಿಯೊಳಗಿನ ಅಕ್ಕಿಕಾಳಿಗಿಂತ ಚಿಕ್ಕ ಮೂಳೆಯೊಂದು ಅಲುಗದೆ ಅಂಟಿಕೊಂಡಿದೆಯೆಂದು ಅವರು ಹೇಳಿದರಂತೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅವಳ ಬೆರಳುಗಳನ್ನೂ ನೋಡಿ ಎಕ್ಸ್-ರೇ ತೆಗೆದಿದ್ದಾರೆ.

"ಬೆರಳು ಮಡಚೋಕೆ ಬರಲ್ವಾ ಪುಟ್ಟಿ ಅಂತ ಕೇಳಿದ್ರು ಮಾವ," ಎಂದಳು ಸೊಸೆ, ಈ ಸಲ ನನ್ನ ಮುಖಕ್ಕೆ ಮುಖವಿಟ್ಟು. "ನಮ್ಮನೇಲಿ ಯಾರ್ದೂ ಮಡಚಲ್ಲ, ತಾತಂದೂ ಹಿಂಗೇ ಅಂದ್ಲು ಇವಳು. ಅದಕ್ಕೇ ಈ ಫಾರಂ. ನಿಮ್ಮ ಕಡೆಯವರದ್ದು ನೀವೇ ತುಂಬಬೇಕಂತೆ. ಗಂಡಸರಿಗೆ ಚೌಕ, ಹೆಂಗಸರಿಗೆ ಸುತ್ತು. ಕಾಯಿಲೆ ಇದ್ದೋರಿಗೆ ಒಳಗೆ ಕಪ್ಪು ಬಳೀಬೇಕು."

"ಆ ಕಪ್ಪನ್ನ ನಿನ್ನ ತೌರಿನವರಿಗೆ ಬಳಿ."

"ಅವರ ಬೆರಳು ಮಡಚುತ್ತಲ್ಲ ಮಾವ."

ನಮ್ಮ ವಂಶದ ಬೆರಳುಗಳ ನಡುಗೆಣ್ಣು ಮಡಚುವುದಿಲ್ಲ. ಅಲ್ಲಿ ಗೆಣ್ಣೇ ಇಲ್ಲ. ಚರ್ಮದ ಮೇಲೆ ಗೆರೆಯೂ ಇಲ್ಲ. ನನ್ನ ತಂದೆಗೆ, ಅವರ ತಂದೆಗೆ, ನನಗೆ, ನನ್ನ ಮಗನಿಗೆ ಎಲ್ಲರಿಗೂ ಹೀಗೆಯೇ. ಮುಷ್ಟಿ ಕಟ್ಟಲು ಬಾರದ ಕೈ, ಲೇಖನಿ ಹಿಡಿಯಲೆಂದೇ ಬಂದ ಕೈ ಎಂದು ನನ್ನ ತಂದೆ ಹೇಳುತ್ತಿದ್ದರು. ಅದನ್ನು ರೋಗವೆಂದು ಕರೆಯಲು ಇವರಾರು?

ಮಾರ್ಚ್ ೭, ಗುರುವಾರ

ಫಾರಮನ್ನು ತುಂಬಿಕೊಟ್ಟೆ. ಇಪ್ಪತ್ತೆಂಟು ವರ್ಷ ಮುದ್ರಣಾಲಯದಲ್ಲಿ ಪರರ ಕರಡುಗಳನ್ನು ತಿದ್ದಿದವನು ನಾನು. ನನ್ನ ಬರಹದಲ್ಲಿ ಅವರಿಗೆ ಕೊಂಬೊಂದೂ ತಪ್ಪು ಸಿಗಲಾರದು. ಬೆರಳುಗಳ ಬಗ್ಗೆ: "ವಂಶದ ಗುರುತು, ದೋಷವಲ್ಲ." ಶ್ರವಣಶಕ್ತಿಯ ಬಗ್ಗೆ: "ನಾನು, ತೀಕ್ಷ್ಣ. ಮಗ, ತೀಕ್ಷ್ಣ." ಸಾವಿನ ಕಾರಣವನ್ನು ಕೇಳಿದ್ದ ಕಡೆ "ಅಪಘಾತ" ಎಂದು ಬರೆದೆ. ಅದರ ಹಿಂದೆ ಯಾರಿದ್ದರೆಂದು ಬರೆಯಲು ಜಾಗ ಬಿಟ್ಟಿರಲಿಲ್ಲ.

ಸೊಸೆ ಓದಿ, "ಇವರಿಗೂ ಒಂಚೂರು ಮಂದ ಇರಲಿಲ್ವಾ ಮಾವ? ಹಿಂದಿನಿಂದ ಕರೆದ್ರೆ ಓಗೊಡ್ತಾನೇ ಇರಲಿಲ್ಲ," ಎಂದಳು.

"ಕರೆಯೋರ ಮೇಲೆ ಗೌರವ ಇದ್ದರೆ ಓಗೊಡ್ತಿದ್ದ."

ಆಕೆ ಕಾಗದವನ್ನು ಮಡಚಿಕೊಂಡು ಹೋದಳು.

ಸಂಜೆ ಹುಡುಗಿಗೆ ಪಾಠ. ಒಂದೆಡೆ ಕೂರದೆ ಪುಟಿಯುತ್ತಲೇ ಇರುವುದರಿಂದ ಇವಳಿಗೆ ಮಿಡತೆಯೆಂದು ಹೆಸರಿಟ್ಟವನು ನಾನೇ. ಹಳೆಯ ಗದ್ಯದ ದೀರ್ಘವಾಕ್ಯಗಳನ್ನು ನಾನು ಓದುವುದು, ಅವಳು ಒಪ್ಪಿಸುವುದು ಕ್ರಮ. ಪುಸ್ತಕ ನೋಡೆಂದರೆ ನನ್ನ ಬಾಯಿಯನ್ನೇ ನೋಡುತ್ತಾಳೆ. ಈ ದುರಭ್ಯಾಸ ಬಿಡಿಸಲು ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು ಓದಿದೆ. ಒಂದು ಪದವನ್ನೂ ಒಪ್ಪಿಸಲಿಲ್ಲ. ಆಸ್ಪತ್ರೆಯವರು ಅವಳ ಕಿವಿಯ ಹಿಂದೆ ಸಿಕ್ಕಿಸಿದ್ದ ಯಂತ್ರವೊಂದು ಕೀಚೆಂದಿತು, ತೆಗೆದಿಡಿಸಿದೆ. ಮತ್ತೂ ಮೌನ. ಹಠದ ಮೌನ. ಅವಳ ತಂದೆಗೂ ಬಾಯಿ ನೋಡುವ ಇದೇ ಚಾಳಿಯಿತ್ತು. ಅವನಿಗೆ ಬೆತ್ತದಿಂದ ಬಿಡಿಸಿದ್ದೆ.

ಮಾರ್ಚ್ ೧೨, ಮಂಗಳವಾರ

ಯಾರೊಡನೆಯೂ ಮಾತಿಲ್ಲ. ಊಟದಲ್ಲಿ ಉಪ್ಪಿರಲಿಲ್ಲ. ಹೇಳಿದೆ. ಆಕೆಯ ತುಟಿ ಅಲ್ಲಾಡಿತು.

ಮಾರ್ಚ್ ೨೧, ಗುರುವಾರ

ನನ್ನನ್ನು ಆಸ್ಪತ್ರೆಗೆ ಎಳೆದೊಯ್ದರು. ವಂಶವಾಹಿಗಳನ್ನು ನೋಡುವ ವೈದ್ಯೆಯಂತೆ. ನನ್ನ ಸೊಸೆಗಿಂತ ಸ್ವಲ್ಪ ಹಿರಿಯಳಿರಬಹುದು. ಕೋಣೆಯಲ್ಲಿ ಒಂದು ಮೇಜು, ಬಿಳಿಯ ಬೆಳಕಿನ ಹಲಗೆ, ಅದರ ಮೇಲೆ ಮಿಡತೆಯ ಕೈಯ ಚಿತ್ರ. ಬೆರಳಿನ ಮೊದಲ ಎರಡು ಮೂಳೆಗಳ ನಡುವೆ ಕಪ್ಪು ಸಂದಿಯಿರಬೇಕಾದ ಕಡೆ ಬಿಳುಪೇ ಇತ್ತು.

ಈಕೆಯೂ ಪಿಸುಗುಟ್ಟುವ ಪಂಗಡದವಳೇ. ಮೊದಲ ಅರ್ಧ ಏನೆಂದಳೋ ಹಿಡಿಯಲಾಗಲಿಲ್ಲ. ಸೊಸೆ ಅವಳ ಕೈಮುಟ್ಟಿ ಏನೋ ಅಂದ ಮೇಲೆ ಕುರ್ಚಿಯನ್ನು ನನ್ನೆದುರಿಗೆ ಎಳೆದುಕೊಂಡು ಗಟ್ಟಿಯಾಗಿ ಹೇಳಿದಳು. ಹೇಳಿದ್ದನ್ನು ಒಪ್ಪದಿದ್ದರೂ ವರದಿಯಲ್ಲಿ ಮೋಸ ಮಾಡಬಾರದೆಂದು ಬರೆದಿಡುತ್ತೇನೆ.

ಗರ್ಭದಲ್ಲಿ ಬೆರಳು ಮೊದಲು ಒಂದೇ ಕಡ್ಡಿಯಂತೆ ಹುಟ್ಟುತ್ತದೆಯಂತೆ, ಮೆತ್ತನೆಯ ಮೃದ್ವಸ್ಥಿಯಿಂದ. ಆಮೇಲೆ ಗೆಣ್ಣು ಬರಬೇಕಾದ ಕಡೆಗಳಲ್ಲಿ ಒಂದು ಸಾಲು ಜೀವಕೋಶಗಳು, ತಾವು ಮೂಳೆಯಾಗುವುದಿಲ್ಲವೆಂದು ಹಿಂದೆ ಸರಿಯುತ್ತವೆ, ಅಲ್ಲಿ ಸಂದಿಯಾಗುತ್ತದೆ. ಮೂಳೆಯಾಗು ಎಂದು ಒತ್ತಾಯಿಸುವ ರಸವೊಂದು ದೇಹದಲ್ಲಿದೆ. ಸಾಕು, ಇಲ್ಲಿ ಬೇಡ ಎಂದು ಅದನ್ನು ಹಿಡಿದು ನಿಲ್ಲಿಸುವ ಪ್ರೋಟೀನು ಇನ್ನೊಂದಿದೆ. ಅದನ್ನು ತಯಾರಿಸುವ ಸೂಚನೆ ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ. ಒಂದು ಪ್ರತಿ ಕೆಟ್ಟಿದ್ದರೂ ತಡೆಯುವ ಶಕ್ತಿ ಅರ್ಧಕ್ಕಿಳಿಯುತ್ತದೆ, ಸಂದಿ ತುಂಬಿಹೋಗುತ್ತದೆ. ಕೆಟ್ಟ ಪ್ರತಿ ಇರುವವರ ಪ್ರತಿ ಮಗುವಿಗೂ ಅದು ಇಳಿಯುವ ಸಾಧ್ಯತೆ ಅರ್ಧಕ್ಕರ್ಧ.

"ಕಿವಿಯಲ್ಲೂ ಕೀಲಿದೆ ಯಜಮಾನ್ರೇ," ಎಂದಳು. "ಕುದುರೆ ಸವಾರ ಕಾಲಿಡ್ತಾನಲ್ಲ, ರಿಕಾಪು, ಆ ಆಕಾರದ ಮೂಳೆ. ಅದು ಅಲುಗಾಡಿದ್ರೇನೇ ಶಬ್ದ ಒಳಗೆ ಹೋಗೋದು. ಬೆರಳಿಗಾದದ್ದೇ ಅದಕ್ಕೂ ಆಗಿರಬಹುದು."

ಅಂಕವಡಿ ಎಂಬ ಒಳ್ಳೆಯ ಮಾತಿದೆಯೆಂದು ತಿದ್ದಿದೆ. ಬರೆದುಕೊಂಡಳು.

"ನೀವು ಕರಡು ತಿದ್ದೋರಂತೆ. ಇದೂ ಒಂದಕ್ಷರದ ಅಚ್ಚಿನ ತಪ್ಪು ಅಂದ್ಕೊಳ್ಳಿ."

"ಅಚ್ಚಿನ ತಪ್ಪಿಗೆ ಅಕ್ಷರದ ಮೊಳೆ ಜೋಡಿಸಿದವನೊಬ್ಬ ಇರ್ತಾನಮ್ಮ, ಕಿವಿ ಹಿಂಡಬಹುದು. ಇದಕ್ಕೆ ಯಾರ ಕಿವಿ ಹಿಂಡ್ತೀಯ? ದೇವರದ್ದಾ?"

ಅವಳು ನಕ್ಕಳು. ಅದಕ್ಕೂ ನನಗೆ ಸಿಟ್ಟು ಬಂತು.

ಸಂಗತಿಯ ಗಂಟು ಇರುವುದು ಇಲ್ಲಿ. ಮಿಡತೆಯಲ್ಲಿ ಕಂಡಿರುವ ಬದಲಾವಣೆ ಬೇರೆಲ್ಲಿಯೂ ದಾಖಲಾಗಿಲ್ಲವಂತೆ. ಕೇಡಿನದೋ ನಿರಪಾಯದ್ದೋ ಹೇಳಲಾಗದು. ವಂಶದಲ್ಲಿ ಬೆರಳೂ ಕಿವಿಯೂ ಒಟ್ಟಿಗೆ ಕೆಟ್ಟಿದ್ದು, ಅದೇ ಬದಲಾವಣೆ ನನ್ನ ರಕ್ತದಲ್ಲಿಯೂ ಸಿಕ್ಕರೆ ಕಾರಣ ಖಚಿತ; ಅಂಟಿದ ಮೂಳೆಯನ್ನು ಬಿಡಿಸಿ, ಸಣ್ಣ ಕಡ್ಡಿಯೊಂದನ್ನು ಕೂರಿಸಿ ಶ್ರವಣವನ್ನು ಮರಳಿ ತರಬಹುದು.

"ಆದ್ರೆ ನಿಮಗೂ ನಿಮ್ಮ ಮಗನಿಗೂ ಕಿವಿ ಚುರುಕು ಅಂತ ಬರೆದಿದೀರಿ. ಹಾಗಾದ್ರೆ ಮಗುವಿನ ಕಿವಿಗೆ ಬೇರೆ ಕಾರಣ ಇರಬೇಕು. ಒಳಕಿವಿಯ ರಚನೆಯೇ ಬೇರೆ ಇದ್ದು, ನಾವು ಗೊತ್ತಿಲ್ಲದೆ ಮೂಳೆ ಮುಟ್ಟಿದ್ರೆ ಒಳಗಿನ ದ್ರವ ಚಿಮ್ಮುತ್ತೆ. ಈಗ ಕೇಳೋದೂ ಹೋಗುತ್ತೆ, ಪೂರ್ತಿ. ಸ್ಕ್ಯಾನ್‌ನಲ್ಲಿ ಸ್ಪಷ್ಟ ಇಲ್ಲ. ಅನುಮಾನ ಇಟ್ಕೊಂಡು ಶಸ್ತ್ರವೈದ್ಯರು ಕೈ ಹಾಕಲ್ಲ. ಮೇ ತಿಂಗಳಿಗೆ ಅವರು ಈ ಆಸ್ಪತ್ರೆ ಬಿಡ್ತಾರೆ. ಮಕ್ಕಳಿಗೆ ಇದನ್ನ ಮಾಡೋರು ಇಲ್ಲಿ ಅವರೊಬ್ಬರೇ. ನಿಮ್ಮ ರಕ್ತ ಕೊಡಿ, ಕಿವೀನೂ ಒಮ್ಮೆ ನೋಡ್ತೀವಿ."

ಕೊಡುವುದಿಲ್ಲವೆಂದೆ. ಕಿವಿಯ ಮಾತಿಗೆ ಸರಿಯಾದ ಉತ್ತರವನ್ನೇ ಕೊಟ್ಟೆ: "ಅಚ್ಚಿನ ಯಂತ್ರದ ಮಗ್ಗುಲಲ್ಲೇ ನನ್ನ ಮೇಜು. ನಾಲ್ಕು ಯಂತ್ರ ಒಟ್ಟಿಗೆ ಓಡ್ತಿರುವಾಗ ಒಬ್ಬ ಮೂಲ ಓದೋನು, ನಾನು ಕರಡು ನೋಡೋನು. ಒಂದು ವಿರಾಮಚಿಹ್ನೆ ತಪ್ಪಿಸಿಕೊಂಡಿಲ್ಲ. ಬೇರೆಯವರು ಏನೂ ಕೇಳ್ತಿಲ್ಲ ಅಂತ ಒದ್ದಾಡ್ತಿದ್ದರು. ಯಂತ್ರ ನಿಂತಾಗಲೇ ನನಗೆ ತೊಡಕಾಗ್ತಿದ್ದದ್ದು."

ವೈದ್ಯೆ ಲೇಖನಿ ಕೆಳಗಿಟ್ಟಳು. "ಯಂತ್ರ ಓಡುವಾಗ ಚೆನ್ನಾಗಿ ಕೇಳ್ತಿತ್ತು. ನಿಂತಾಗ ಕಡಿಮೆ. ಹೌದಾ?"

ಹೌದೆಂದು ಎದ್ದು ಬಂದೆ. ಮರುಮಾತು ಹೊರಡಲಿಲ್ಲ ಅವಳಿಂದ.

ಮಾರ್ಚ್ ೨೨, ಶುಕ್ರವಾರ

ಬೆಳಿಗ್ಗೆ ಸೊಸೆ ನನ್ನ ಮೇಜಿನ ಮುಂದೆ ಬಂದು ನಿಂತಳು. ಕೂಗಿದಳು. ಅವಳು ಕೂಗಿದ್ದನ್ನು ನಾನು ಇದೇ ಮೊದಲು ಕಂಡದ್ದು.

"ಕಣ್ಣಿಗೆ ನಾನೇ ಉಜ್ಜಿದ ಗಾಜು ಹಾಕ್ಕೊಂಡಿದೀರಿ, ನಾಚಿಕೆ ಆಗಲಿಲ್ಲ. ಕಿವಿಗೆ ಮಾತ್ರ ಯಾಕೆ ಮಾವ ಇಷ್ಟು ಮಾನ? ಗೋಡೆ ಜೊತೆ ಮಾತಾಡಿದ್ರೆ ಅದಾದ್ರೂ ಪ್ರತಿಧ್ವನಿ ಕೊಡುತ್ತೆ. ಅವಳ ಕಿವಿ ನಿಮ್ಮ ಒಂದು ತೊಟ್ಟು ರಕ್ತಕ್ಕೆ ಕಾದು ಕೂತಿದೆ."

ನಾನೂ ಬಿಡಲಿಲ್ಲ. ಮೂರು ವರ್ಷದಿಂದ ಹಲ್ಲಿನ ಹಿಂದೆ ಕಟ್ಟಿಟ್ಟಿದ್ದನ್ನು ಹೊರಗೆ ಹಾಕಿದೆ. ಅಂದು ಅವನೊಡನೆ ಜಗಳವಾಡಿದ್ದು ನೀನು, ತಲೆಕೆಡಿಸಿ ಹೊರಗೆ ಕಳಿಸಿದ್ದು ನೀನು, ಹಿಂದಕ್ಕೆ ಬರುತ್ತಿದ್ದ ಲಾರಿ ಅವನಿಗೆ ಕಾಣಿಸದಂತೆ ಮಾಡಿದ್ದು ನಿನ್ನ ಮಾತು ಎಂದೆ.

ಆಕೆ ಏನೋ ಹೇಳಿದಳು, ನೆಲ ನೋಡುತ್ತ. ಕೇಳಿಸಲಿಲ್ಲ. ಇನ್ನೊಮ್ಮೆ ಹೇಳೆಂದೆ. ಹೇಳಲಿಲ್ಲ.

ಪ್ರಾರ್ಥನೆಗೆ ಕುಳಿತರೆ ಮನಸ್ಸು ನಿಲ್ಲಲಿಲ್ಲ. ಏನೆಂದಿರಬಹುದು?

ಏಪ್ರಿಲ್ ೫, ಶುಕ್ರವಾರ

ಎರಡು ವಾರ ಬರೆದಿಲ್ಲ. ಇಂದು ಬರೆಯಬೇಕು.

ನನ್ನ ಶ್ರವಣಕ್ಕೆ ಸಾಕ್ಷಿಪತ್ರ ತಂದು ವೈದ್ಯೆಯ ಮೇಜಿನ ಮೇಲೆ ಎಸೆಯುವ ಉದ್ದೇಶದಿಂದ ಮಸಿಯಣ್ಣನ ಬಳಿಗೆ ಹೋದೆ. ಮುದ್ರಣಾಲಯದಲ್ಲಿ ಯಂತ್ರ ನಡೆಸುತ್ತಿದ್ದವನು, ನನ್ನ ವಾರಿಗೆಯವನು. ಮೊಣಕೈವರೆಗೆ ಮಸಿಯಿಲ್ಲದೆ ಅವನನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಆ ಹೆಸರು. ಈಗ ತನ್ನದೇ ಚಿಕ್ಕ ಅಚ್ಚುಕೂಟದ ಮೂಲೆಯಲ್ಲಿ ಕುಳಿತು ಎಲ್ಲರನ್ನೂ ಬೈಯುತ್ತಾನೆ. ಯಂತ್ರ ಓಡುತ್ತಿತ್ತು. ಅವನ ಪ್ರತಿಯೊಂದು ಮಾತೂ ಸ್ಫಟಿಕದಂತೆ ಕೇಳಿಸಿತು. ನೋಡು, ಇದೇ ಸಾಕ್ಷಿ ಎಂದೆ.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಪಂಡಿತ, ಯಂತ್ರ ಓಡುವಾಗ ಎಲ್ಲರೂ ಕಿರುಚ್ತಾರೆ ಕಣೋ. ಗದ್ದಲ ನಿನ್ನ ಕಿವಿಗೆ ಹೋಗಲ್ಲ, ಕಿರುಚಾಟ ಹೋಗುತ್ತೆ. ಅಷ್ಟೇ ನಿನ್ನ ಮಹಿಮೆ. ಯಂತ್ರ ನಿಲ್ಲಿಸಿದ್ಮೇಲೆ ನಿನ್ನ ಹೆಸರು ಹಿಡಿದು ಬೈದಿದೀವಿ, ನಿನ್ನ ಬೆನ್ನ ಹಿಂದೇನೇ ನಿಂತು. ಒಂದು ದಿನ ತಿರುಗಿ ನೋಡಿದೀಯಾ?"

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹೇಳಿದೀನಲ್ಲ. ಯಂತ್ರ ನಿಂತಾಗ ಹೇಳಿದ್ದೆ."

ಎದ್ದೆ. ಅವನು ನನ್ನ ತೋಳು ಹಿಡಿದು ಕೂರಿಸಿದ. ನಗು ಹೋಗಿತ್ತು.

"ನಿನ್ನ ಮಗನೂ ಹಾಗೇ. ಅವನು ಕೆಲಸ ಮಾಡ್ತಿದ್ದ ಕಾಗದದ ಗೋದಾಮಲ್ಲಿ ಅವನನ್ನ ಯಾರೂ ಕೂಗ್ತಿರಲಿಲ್ಲ, ತೋಳು ಮುಟ್ಟಿ ಮಾತಾಡಿಸೋರು. ಅಪ್ಪನಿಗೆ ಹೇಳಬೇಡಿ, ನಾಟಕ ಅಂತಾರೆ ಅಂದಿದ್ದನಂತೆ. ಆ ಲಾರಿಯವನು ಹಾರನ್ ಹೊಡೆದಿದ್ದು ನಿಜ ಕಣೋ. ಗೋದಾಮಿನ ಅಂಗಳದಲ್ಲಿದ್ದೋರೆಲ್ಲ ಕೇಳಿಸ್ಕೊಂಡಿದಾರೆ."

ಏಪ್ರಿಲ್ ೬, ಶನಿವಾರ

ಲಾರಿಯ ಚಾಲಕನು ನ್ಯಾಯಾಲಯದಲ್ಲಿ, ಮೂರು ಸಲ ಹಾರನ್ ಹೊಡೆದೆ ಎಂದಿದ್ದ. ನಾನು ಎದ್ದು ನಿಂತು ಅವನನ್ನು ಸುಳ್ಳನೆಂದು ಕರೆದೆ. ಅವನ ಮಕ್ಕಳ ಹೆಸರು ಹಿಡಿದು ಶಪಿಸಿದೆ.

ಏಪ್ರಿಲ್ ೯, ಮಂಗಳವಾರ

ಒಬ್ಬನೇ ಆಸ್ಪತ್ರೆಗೆ ಹೋದೆ. ದ್ವಾರದ ಕಾವಲಿನವನು ಚೀಟಿ ಎಲ್ಲಿ ಎಂದದ್ದು ಕೇಳಿಸಲಿಲ್ಲ. ಅವನು ಹಿಂದಿನಿಂದ ಭುಜ ಹಿಡಿದೆಳೆದ. ಕೈಯೆತ್ತಬೇಕೆನಿಸಿತು, ಎತ್ತಲಿಲ್ಲ.

ವೈದ್ಯೆ ಶ್ರುತಿಕವೆಯೆಂಬ ಎರಡು ಕವಲಿನ ಉಕ್ಕಿನ ಕಡ್ಡಿಯನ್ನು ಮಿಡಿದು ಕಿವಿಯ ಮುಂದೆ ಹಿಡಿದಳು. ಏನೂ ಇಲ್ಲ. ಅದರ ಕಾಲನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದಳು. ತಲೆಯ ತುಂಬ ತುಂಬಿಕೊಂಡಿತು, ಗಂಟೆಯಂತೆ. ಒಳಕಿವಿ ಸರಿಯಿದೆ, ದಾರಿ ಮಾತ್ರ ಮುಚ್ಚಿದೆ ಎಂದಳು. ಗದ್ದಲದಲ್ಲಿ ಚೆನ್ನಾಗಿ ಕೇಳುವುದು ಇಂಥ ಕಿವಿಗಳ ಲಕ್ಷಣವೇ ಅಂತೆ. ಅಂದು ನಾನು ಎದ್ದುಹೋದ ಮರುಗಳಿಗೆಯೇ ಅವಳಿಗೆ ಅರ್ಥವಾಗಿತ್ತಂತೆ. ಹೇಳಿದ್ದರೆ ನಾನು ಒಪ್ಪುತ್ತಿದ್ದೆನೇ ಎಂದು ಕೇಳಿದಳು. ಅಂಗಿಯ ತೋಳನ್ನು ಮೇಲೆ ಸರಿಸಿದೆ. ರಕ್ತ ಕೊಟ್ಟೆ.

ಆಮೇಲೆ ಫಾರಮನ್ನು ತರಿಸಿಕೊಂಡೆ. "ತೀಕ್ಷ್ಣ" ಎಂಬುದನ್ನು ಎರಡು ಕಡೆಯೂ ಹೊಡೆದುಹಾಕಿದೆ. ನನ್ನ ಚೌಕಕ್ಕೆ ಮಸಿ ತುಂಬಿದೆ. ನನ್ನ ತಂದೆಯ ಚೌಕಕ್ಕೂ ತುಂಬಿದೆ. ಊಟದ ಹೊತ್ತಿಗೆ ಅವರನ್ನು ತಟ್ಟೆ ಬಡಿದು ಕರೆಯುತ್ತಿದ್ದುದು ಈಗ ನೆನಪಾಯಿತು. ಮಗನ ಚೌಕ ಉಳಿಯಿತು. ಅದರ ಮೇಲೆ ಆಗಲೇ ಒಂದು ಓರೆಗೆರೆಯಿದೆ, ಸತ್ತವರಿಗೆ ಎಳೆಯುವುದಂತೆ. ಒಳಗೆ ತುಂಬಲು ಬಹಳ ಹೊತ್ತು ಹಿಡಿಯಿತು. ವೈದ್ಯೆ ಆತುರ ಮಾಡಲಿಲ್ಲ.

"ಇದರಲ್ಲಿ ಯಾರ ತಪ್ಪೂ ಇಲ್ಲ ಯಜಮಾನ್ರೇ," ಎಂದಳು.

ಬೆತ್ತದ ವಿಷಯ ಅವಳಿಗೆ ಗೊತ್ತಿಲ್ಲ. ಫಾರಮಿನಲ್ಲಿ ಅದಕ್ಕೂ ಜಾಗವಿರಲಿಲ್ಲ.

ಏಪ್ರಿಲ್ ೧೦, ಬುಧವಾರ

ಸೊಸೆ ಕೆಲಸದಿಂದ ಬಂದು ಕೈ ತೊಳೆಯುತ್ತಿದ್ದಳು. ಉಗುರಿನ ಸುತ್ತ ಮಸೂರದ ಬಿಳಿಯ ಹುಡಿ. ಅವಳು ತಿರುಗುವವರೆಗೆ ಕಾದು ಕೇಳಿದೆ.

"ಅವತ್ತು ನಾನು ಅಂದದ್ದಕ್ಕೆ ನೆಲ ನೋಡ್ತಾ ಏನೋ ಹೇಳಿದೆ. ಏನು?"

ಹೇಳಲೋ ಬೇಡವೋ ಎಂಬಂತೆ ನಲ್ಲಿ ನಿಲ್ಲಿಸಿದಳು.

"ಕೂಗಿದ್ದೆ ಮಾವ, ಅಂದೆ. ಜಗಳ ಆಗಿದ್ದು ನಿಜ. ಮಳೆ ಬರೋ ಹಾಗಿತ್ತು, ಕೊಡೆ ಬಿಟ್ಟು ಹೊರಟ್ರು. ಮೆಟ್ಟಿಲ ಮೇಲೆ ನಿಂತು ಕೂಗಿದೆ. ಗೇಟಿನ ತನಕ ಓಡಿ ಕೂಗಿದೆ. ಬೆನ್ನು ತಿರುಗಿಸ್ಕೊಂಡು ಹೋಗ್ತಾನೇ ಇದ್ರು, ಒಂದು ಸಲಾನೂ ನೋಡಲಿಲ್ಲ. ನನ್ನ ಮುಖ ನೋಡೋಕೂ ಇಷ್ಟ ಇಲ್ಲದಷ್ಟು ಕೋಪ ಅಂದ್ಕೊಂಡೆ. ಅದೇ ಕೊನೆ."

"ಅವನಿಗೆ ಕೇಳಿಸಲಿಲ್ಲ," ಎಂದೆ.

"ಏನಂದ್ರಿ?"

"ಅವನಿಗೆ ಕೇಳಿಸ್ತಿರಲಿಲ್ಲಮ್ಮ. ಚಿಕ್ಕಂದಿನಿಂದ. ನೀನು ಕೂಗಿದ್ದೂ ಕೇಳಿಸಲಿಲ್ಲ, ಲಾರಿಯವನು ಹಾರನ್ ಹೊಡೆದದ್ದೂ ಕೇಳಿಸಲಿಲ್ಲ. ಕೇಳಿಸಿದ್ದರೆ ತಿರುಗ್ತಿದ್ದ. ಅಷ್ಟು ಹೊತ್ತು ಕೋಪ ಹಿಡಿದು ನಿಲ್ಲೋ ಗುಣ ಅವನದಲ್ಲ. ಅದು ನನ್ನದು."

ಆಕೆ ಒದ್ದೆ ಕೈಯಲ್ಲಿಯೇ ನೆಲದ ಮೇಲೆ ಕುಳಿತಳು. ಅತ್ತಳೆಂದು ಕಾಣುತ್ತದೆ; ಭುಜ ಅಲುಗುತ್ತಿತ್ತು. ಸದ್ದು ನನಗೆ ತಲುಪಲಿಲ್ಲ. ಕಾಲು ನೋಯುವಷ್ಟು ಹೊತ್ತು ನಿಂತಿದ್ದೆ.

ಅಡುಗೆ ತಡವಾಯಿತು. ಏನೂ ಅನ್ನಲಿಲ್ಲ.

ಏಪ್ರಿಲ್ ೨೪, ಬುಧವಾರ

ರಕ್ತದ ವರದಿ ಬಂತು. ಮಿಡತೆಯಲ್ಲಿರುವ ಬದಲಾವಣೆಯೇ ನನ್ನಲ್ಲಿಯೂ ಇದೆ, ಅದೇ ಸ್ಥಾನದಲ್ಲಿ. ಬೆರಳೂ ಕಿವಿಯೂ ಒಟ್ಟಿಗೆ ಇಳಿದು ಬಂದಿರುವುದರಿಂದ ಇನ್ನು ಅನುಮಾನ ಉಳಿದಿಲ್ಲವೆಂದು ಶಸ್ತ್ರವೈದ್ಯ ಒಪ್ಪಿದ. ಸೋಮವಾರ ಬಲಗಿವಿಗೆ. ಅಪಾಯವೇ ಇಲ್ಲವೆಂದು ಮಾತ್ರ ಹೇಳಲಾರೆನೆಂದ. ಅಂಥ ವೈದ್ಯನಿಂದ ಏನು ಪ್ರಯೋಜನವೆಂದು ಕೇಳಿದೆ. ಸೊಸೆ ಕಣ್ಣಲ್ಲಿಯೇ ಗದರಿದಳು, ಸುಮ್ಮನಾದೆ.

ಮಿಡತೆ ತನ್ನ ಬೆರಳನ್ನು ನನ್ನ ಬೆರಳಿನ ಪಕ್ಕಕ್ಕಿಟ್ಟು ಅಳೆದಳು. "ತಾತ, ನಿನ್ನ ಕಿವೀನೂ ಕೊಯ್ತಾರಾ?"

"ಮುದುಕರ ಕಿವಿ ಕೊಯ್ದರೆ ಅವರ ಕತ್ತಿ ಮೊಂಡಾಗುತ್ತೆ."

"ನನ್ನದು ಕೊಯ್ದ್ರೆ?"

ಸಂಜೆ ಪಾಠದಲ್ಲಿ ದೀಪ ನನ್ನ ಮುಖದ ಮೇಲೆ ಬೀಳುವಂತೆ ಕುರ್ಚಿ ಸರಿಸಿ ಕುಳಿತೆ. ಇಡೀ ಪುಟ ಒಪ್ಪಿಸಿದಳು. ಉಚ್ಚಾರಣೆ ಕೆಟ್ಟದಾಗಿದೆ.

ಏಪ್ರಿಲ್ ೨೯, ಸೋಮವಾರ

ಕಾಯುವ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಕುರ್ಚಿಗಳನ್ನು ಬೆನ್ನುಮೂಳೆಯ ವೈರಿಗಳು ಮಾಡಿಸಿರಬೇಕು. ಹುಡುಗಿಯನ್ನು ಒಳಗೆ ಕರೆದುಕೊಂಡು ಎರಡು ಗಂಟೆಯಾಯಿತು. ಒಂದೂವರೆ ಗಂಟೆ ಎಂದಿದ್ದರು. ಸುಳ್ಳರು.

ಎದುರಿನ ಬಾಗಿಲ ಕಡೆಗೇ ಸೊಸೆಯ ಕಣ್ಣು. ಪಕ್ಕದ ಕುರ್ಚಿ ಖಾಲಿ ಇದೆಯೆಂದು ಸನ್ನೆ ಮಾಡಿದೆ. ಬಂದು ಕುಳಿತಳು, ನನ್ನ ಎಡಕ್ಕೆ. ಆಮೇಲೆ ಏನೋ ಯೋಚಿಸಿ ಎದ್ದು ಬಲಕ್ಕೆ ಬಂದಳು. ಬಲಗಿವಿ ತುಸು ವಾಸಿಯೆಂದು ಆಕೆಗೆ ಯಾರು ಹೇಳಿದರೋ.

ಮುಂದಿನದನ್ನು ಅರ್ಧ ಗಂಟೆಯ ಬಳಿಕ ಬರೆಯುತ್ತಿದ್ದೇನೆ. ಶಸ್ತ್ರವೈದ್ಯ ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಹೊರಗೆ ಬಂದ. ಅವನು ಮಾತನಾಡುತ್ತಿದ್ದಾನೆಂಬುದು ಬಟ್ಟೆ ಅಲುಗಿದ್ದರಿಂದ ತಿಳಿಯಿತು, ನೋಡಲು ತುಟಿಯಿರಲಿಲ್ಲ. ನಾನು ಸೊಸೆಯ ಮುಖ ನೋಡಿದೆ. ಅದೂ ಏನನ್ನೂ ಹೇಳುತ್ತಿರಲಿಲ್ಲ. ಅಷ್ಟು ದೀರ್ಘವಾದ ವಾಕ್ಯವನ್ನು ನಾನು ಯಾವ ಹಳೆಯ ಗ್ರಂಥದಲ್ಲಿಯೂ ಕಂಡಿಲ್ಲ. ಅವನು ತಲೆಯಾಡಿಸಿ ಒಳಗೆ ಹೋದ ಮೇಲೆ ಆಕೆ ನನ್ನ ಕಡೆಗೆ ತಿರುಗಿ, ಕಿವಿಗೆ ಬಾಯಿಟ್ಟು, ಪಡಸಾಲೆಯವರೆಲ್ಲ ನೋಡುವಂತೆ ಹೇಳಿದಳು.

"ದ್ರವ ಚಿಮ್ಮಲಿಲ್ವಂತೆ ಮಾವ. ಮೂಳೆ ಬಿಡಿಸಿ ಕಡ್ಡಿ ಕೂರಿಸಿದಾರೆ, ಅಲುಗಾಡ್ತಿದೆಯಂತೆ. ಎಷ್ಟು ಕೇಳುತ್ತೆ ಅನ್ನೋದು ಕಟ್ಟು ಬಿಚ್ಚಿದ್ಮೇಲೆ ಗೊತ್ತಾಗೋದು. ಕೇಳಿಸ್ತಾ?"

"ಕೇಳಿಸ್ತು."

"ಪೂರ್ತಿ?"

"ಪೂರ್ತಿ ಕೇಳಿಸ್ತಮ್ಮ. ಊರಿಗೆಲ್ಲ ಕೇಳಿಸ್ತು."

ಈ ಪುಸ್ತಕವನ್ನು ಇಲ್ಲಿಗೆ ಮುಚ್ಚುತ್ತೇನೆ. ಹರಸುವ ಅರ್ಹತೆ ನನಗಿಲ್ಲ; ವಯಸ್ಸಿಗೆ ಇದೆ. ಆ ಸಲುಗೆಯಿಂದ ಒಡೆಯನಲ್ಲಿ ಬೇಡುತ್ತೇನೆ. ಮೊಮ್ಮಗಳಿಗೆ ಅವಳು ಕೇಳಬಯಸಿದ್ದೆಲ್ಲ ಕೇಳಲಿ, ಕೇಳಬಾರದ್ದು ಕೇಳಿದರೆ ಎದುರು ಮಾತಾಡುವ ಬಾಯಿಯೂ ಇರಲಿ. ಬಟ್ಟೆ ಕಟ್ಟಿಕೊಂಡು ಮಾತನಾಡುವ ಆ ಶಸ್ತ್ರವೈದ್ಯನ ಕೈ ಹೋದ ಕಡೆಯಲ್ಲೆಲ್ಲ ನಡುಗದಿರಲಿ. ನನ್ನ ಅವಿವೇಕಕ್ಕೆ ನಕ್ಕ ವೈದ್ಯೆಗೆ ಆಯುಸ್ಸು ಬೆಳೆಯಲಿ. ಮಸಿಯಣ್ಣನ ಹೊಲಸು ಬಾಯಿಗೂ ಶುಭವಾಗಲಿ. ನಾನು ಶಪಿಸಿದ ಚಾಲಕನ ಮಕ್ಕಳಿಗೆ ಆ ಶಾಪ ತಗಲದಿರಲಿ. ಅವನ ಮನೆ ಎಲ್ಲಿದೆಯೆಂದು ವಿಚಾರಿಸುವವನಿದ್ದೇನೆ, ಅಲ್ಲಿಯವರೆಗೆ ನನ್ನ ಕಾಲಿಗೆ ಬಲ ಬರಲಿ. ಈಗ ಯಾವ ಮರೆಯೂ ಇಲ್ಲದೆ ಎಲ್ಲವನ್ನೂ ಕೇಳುತ್ತಿರುವ ನನ್ನ ಮಗನಿಗೆ ಶಾಂತಿಯಿರಲಿ. ಗೇಟಿನ ತನಕ ಓಡಿ ಕೂಗಿದ ಈ ನನ್ನ ಹುಡುಗಿಗೆ, ಇಂದಿನಿಂದ ಅವಳು ಕರೆದಾಗಲೆಲ್ಲ ಯಾರಾದರೂ ತಿರುಗಿ ನೋಡುವಂತಾಗಲಿ.